ಪುಣೆ ಟ್ರಾಫಿಕ್‌ಗೆ ಸೂಪರ್‌ಮೋಟೊ ಆರಿಸುವುದು ಹೇಗೆ: ಕಾಲಳತೆಯಿಂದ ಕಾಗದಪತ್ರದವರೆಗೆ

ಪುಣೆಯಲ್ಲಿರುವ ನಮ್ಮ ಕನ್ನಡದ ಹುಡುಗರು ಬೈಕ್ ವಿಷಯಕ್ಕೆ ಫೋನ್ ಮಾಡಿದರೆ ದೂರು ಹೆಚ್ಚುಕಡಿಮೆ ಎರಡೇ ಇರುತ್ತವೆ. "ಅಣ್ಣಾ, ಗಾಡಿ ತಗೊಂಡೆ, ಸಿಗ್ನಲ್‌ನಲ್ಲಿ ಕಾಲು ನೆಲಕ್ಕೆ ಸಿಗ್ತಿಲ್ಲ" ಅನ್ನುವುದು ಒಂದು. "ಎಕ್ಸ್‌ಪಲ್ಸ್‌ಗೆ 17 ಇಂಚಿನ ಚಕ್ರ ಹಾಕಿಸ್ದೆ, ಎಬಿಎಸ್ ಲೈಟ್ ಆರ್ತಾನೇ ಇಲ್ಲ" ಅನ್ನುವುದು ಇನ್ನೊಂದು. (ಎಕ್ಸ್‌ಪಲ್ಸ್ ಅಂದರೆ ಹೀರೊ ಕಂಪನಿಯ, ಮಣ್ಣಿನ ದಾರಿಗೂ ಹೋಗುವ ಬೈಕ್. ಎಬಿಎಸ್ ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ.) ಎರಡರಲ್ಲೂ ತಪ್ಪು ಆಗಿರುವುದು ಒಂದೇ ಜಾಗದಲ್ಲಿ. ಮೊದಲು ವಿಡಿಯೊ ನೋಡಿದ್ದಾರೆ, ಆಮೇಲೆ ಪವರ್, ಆಮೇಲೆ ಬೆಲೆ. ತಮ್ಮ ಕಾಲು ಎಷ್ಟು ಉದ್ದ, ದಿನಾ ಓಡಾಡುವ ದಾರಿ ಎಂಥದ್ದು ಅನ್ನುವುದನ್ನು ದುಡ್ಡು ಕಟ್ಟಿದ ಮೇಲೆ ನೋಡಿದ್ದಾರೆ.

ಸೂಪರ್‌ಮೋಟೊ ಅಂದರೆ ಡರ್ಟ್ ಬೈಕಿನ (ಮಣ್ಣಿನ ದಾರಿಗೆ ಮಾಡಿದ ಬೈಕಿನ) ಮೈಗೆ ರಸ್ತೆಯ ಚಕ್ರ ಹಾಕಿದ ಗಾಡಿ. ಎತ್ತರದ ಸೀಟು, ಅಗಲವಾದ ಹ್ಯಾಂಡಲ್, ಉದ್ದ ಸಸ್ಪೆನ್ಷನ್, ಕಡಿಮೆ ತೂಕ. ಕೆಳಗೆ 17 ಇಂಚಿನ ಎರಡು ಚಕ್ರ, ರಸ್ತೆ ಟೈರು, ಮುಂದೆ ದೊಡ್ಡ ಡಿಸ್ಕ್. ಹಂಪು, ಗುಂಡಿ, ಇಕ್ಕಟ್ಟಾದ ತಿರುವು ಇರುವ ಊರಿಗೆ ಇದು ನಿಜಕ್ಕೂ ಒಳ್ಳೆಯ ಗಾಡಿ. ಆದರೆ ಎಲ್ಲರಿಗೂ ಅಲ್ಲ, ಎಲ್ಲ ದಾರಿಗೂ ಅಲ್ಲ.

ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಮುಂದಿನ ಹಂತಕ್ಕೆ ಹೋಗುವ ಮೊದಲು ಹಿಂದಿನದು ಮುಗಿದಿರಬೇಕು. ಒಂದೊಂದು ಹಂತದಲ್ಲೂ ಒಂದೆರಡು ಬೈಕ್ ಪಟ್ಟಿಯಿಂದ ಹೊರಗೆ ಹೋಗುತ್ತವೆ. ಹೋಗಲಿ ಬಿಡಿ, ಪಟ್ಟಿ ಮಾಡುವುದೇ ಅದಕ್ಕೆ.

ಮೊದಲು ಕೈಗೆ ಇಟ್ಟುಕೊಳ್ಳಬೇಕಾದ್ದು

ಒಂದು ಅಳತೆ ಟೇಪು, ಗಟ್ಟಿ ರಟ್ಟಿನ ಪುಸ್ತಕ, ಪೆನ್ಸಿಲ್, ನೋಟ್‌ಬುಕ್. ಬೈಕ್ ಓಡಿಸುವಾಗ ದಿನಾ ಹಾಕುವ ಬೂಟು. ನಿಮ್ಮದೇ ಹೆಲ್ಮೆಟ್. ಮೊಬೈಲ್ ಟಾರ್ಚ್. ಹಿಂದೆ ಕೂರಲು ಒಬ್ಬರು. ಮನೆಯವರೇ ದಿನಾ ಹಿಂದೆ ಕೂರುವವರಾದರೆ ಅವರೇ ಬರಲಿ, ಗೆಳೆಯ ಬೇಡ.

ಹಂತ 1: ಕಾಲಳತೆ ತೆಗೆಯಿರಿ

ಎತ್ತರ 5 ಅಡಿ 7 ಇಂಚು ಅಂತ ಹೇಳಿದರೆ ಬೈಕಿಗೆ ಅದರಿಂದ ಉಪಯೋಗ ಇಲ್ಲ. ಅಷ್ಟೇ ಎತ್ತರದ ಇಬ್ಬರಲ್ಲಿ ಕಾಲಿನ ಉದ್ದ 3 ಸೆಂ.ಮೀ. ವ್ಯತ್ಯಾಸ ಇರಬಹುದು. ಬೇಕಾದ್ದು ತೊಡೆಸಂದಿಯಿಂದ ನೆಲದವರೆಗಿನ ಅಳತೆ.

ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿ. ಪಾದಗಳ ನಡುವೆ ಒಂದು ಗೇಣು ಜಾಗ ಬಿಡಿ. ಪುಸ್ತಕವನ್ನು ಕಾಲುಗಳ ನಡುವೆ ಇಟ್ಟು, ಅದರ ಒಂದು ಅಂಚು ಗೋಡೆಗೆ ತಾಗಿರುವ ಹಾಗೆ ಮೇಲಕ್ಕೆ ಒತ್ತಿ. ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತದೋ ಅಷ್ಟು ಒತ್ತಿ, ಸುಮ್ನೆ ತಾಗಿಸಿದರೆ ಸಾಲದು. ಪುಸ್ತಕದ ಮೇಲಿನ ಅಂಚಿಗೆ ಗೋಡೆಯ ಮೇಲೆ ಗುರುತು ಹಾಕಿ, ನೆಲದಿಂದ ಅಳೆಯಿರಿ. ಬೂಟಿನ ಹಿಮ್ಮಡಿಯ ದಪ್ಪ ಅದಕ್ಕೆ ಸೇರಿಸಿ. ಉದಾಹರಣೆಗೆ 780 ಮಿ.ಮೀ. ಕಾಲು, 25 ಮಿ.ಮೀ. ಬೂಟು. ಒಟ್ಟು 805.

ಈಗ ಇದನ್ನು ಸೀಟಿನ ಎತ್ತರದ ಪಕ್ಕದಲ್ಲಿ ಇಡಿ. ಉದ್ದ ಸಸ್ಪೆನ್ಷನ್ ಇರುವ ಬೈಕ್ ನೀವು ಕೂತ ಕೂಡಲೇ ಸ್ವಲ್ಪ ಕೂರುತ್ತದೆ. 200 ಮಿ.ಮೀ. ಆಡುವ ಸಸ್ಪೆನ್ಷನ್ ಆದರೆ ಸುಮಾರು 50ರಿಂದ 65 ಮಿ.ಮೀ. ಇಳಿಯುತ್ತದೆ. ಆದರೆ ಸೀಟಿನ ಅಗಲ ನಿಮ್ಮ ಕಾಲನ್ನು ಹೊರಕ್ಕೆ ತಳ್ಳಿ ಆ ಲಾಭವನ್ನು ವಾಪಸ್ ಕಿತ್ತುಕೊಳ್ಳುತ್ತದೆ. ಹಾಗಾಗಿ ಊರಿನ ಓಡಾಟಕ್ಕೆ ನಾನು ಹೇಳುವ ಲೆಕ್ಕ ಸರಳ. ಸೀಟು ನಿಮ್ಮ ಬೂಟು ಸೇರಿದ ಅಳತೆಗಿಂತ 30 ಮಿ.ಮೀ.ವರೆಗೆ ಜಾಸ್ತಿ ಇದ್ದರೆ ಆರಾಮ. 30ರಿಂದ 60 ಆದರೆ ಸೊಂಟ ಸ್ವಲ್ಪ ಜರುಗಿಸಿದರೆ ಒಂದು ಪಾದ ಪೂರ್ತಿ ನೆಲಕ್ಕೆ ಸಿಗುತ್ತದೆ, ಅಭ್ಯಾಸ ಬೇಕು. 60 ದಾಟಿದರೆ ಕಷ್ಟ, 80 ದಾಟಿದರೆ ಬೆರಳ ತುದಿ ಮಾತ್ರ. ಪುಣೆ ಟ್ರಾಫಿಕ್‌ನಲ್ಲಿ ಅದು ಬೇಡ.

805 ಅಳತೆಯವರಿಗೆ ಇದು ಹೀಗೆ ಬರುತ್ತದೆ. ಹೀರೊ ಎಕ್ಸ್‌ಪಲ್ಸ್ 210ರ ಸೀಟು 830, ಆರಾಮ. ಕೆಟಿಎಂ 390 ಎಸ್‌ಎಂಸಿ ಆರ್ 860, ಒಂದು ಕಾಲಿನ ಲೆಕ್ಕ. ಕವಾಸಾಕಿ ಕೆಎಲ್‌ಎಕ್ಸ್ 230 ಸೀಟು 880, ಕಷ್ಟ, ಆದರೆ 139 ಕೆ.ಜಿ. ಮಾತ್ರ ಇರುವುದರಿಂದ ಕೆಲವರು ಸಂಭಾಳಿಸುತ್ತಾರೆ. ಡುಕಾಟಿ ಹೈಪರ್‌ಮೊಟಾರ್ಡ್ 698 ಮೋನೊ 904. ಅದನ್ನು ಪಟ್ಟಿಯಿಂದ ತೆಗೆದುಬಿಡಿ.

ಇಲ್ಲಿ ಆಗುವ ತಪ್ಪು: "ಲೋವರಿಂಗ್ ಲಿಂಕ್ ಹಾಕಿಸಿದರೆ ಆಯ್ತಲ್ಲ" ಅಂದುಕೊಂಡು ಎತ್ತರದ ಗಾಡಿ ತೆಗೆದುಕೊಳ್ಳುವುದು. ಹಿಂದಿನ ಸಸ್ಪೆನ್ಷನ್‌ಗೆ ಹಾಕಿ ಗಾಡಿ ತಗ್ಗಿಸುವ ಭಾಗ ಅದು. ಹಿಂದೆ ಮಾತ್ರ 25 ಮಿ.ಮೀ. ಇಳಿಸಿದರೆ ಮುಂಭಾಗ ಎದ್ದಂತಾಗಿ ಸ್ಟೀರಿಂಗ್ ಮಂದವಾಗುತ್ತದೆ. ಸೈಡ್ ಸ್ಟ್ಯಾಂಡ್ ಉದ್ದವಾಗಿ ಗಾಡಿ ನೆಟ್ಟಗೆ ನಿಲ್ಲುತ್ತದೆ. ಸೊಸೈಟಿ ಪಾರ್ಕಿಂಗ್‌ನಲ್ಲಿ ಯಾರಾದರೂ ತಾಗಿದರೆ ಆ ಕಡೆ ಬೀಳುತ್ತದೆ. ಇಳಿಸಲೇಬೇಕೆಂದರೆ ಸೀಟಿನ ಫೋಮ್ 15–20 ಮಿ.ಮೀ. ಕತ್ತರಿಸುವುದು ಇದಕ್ಕಿಂತ ವಾಸಿ, ಮುಂಭಾಗದ ಎರಡೂ ಬದಿ ಸ್ವಲ್ಪ ಕಿರಿದು ಮಾಡಿಸಿದರೆ ಇನ್ನೂ ಒಳ್ಳೆಯದು. ಅಷ್ಟರಿಂದಲೂ ಆಗದಿದ್ದರೆ ಬೇರೆ ಬೈಕ್ ನೋಡಿ.

ಹಂತ 2: ದಿನದ ದಾರಿಯನ್ನು ಬರೆದಿಡಿ

ನೋಟ್‌ಬುಕ್ ತೆಗೆಯಿರಿ. ಮನೆಯಿಂದ ಆಫೀಸಿಗೆ ಹೋಗುವ ದಾರಿಯಲ್ಲಿ ನಾಲ್ಕು ವಿಷಯ ಬರೆಯಿರಿ. ಎಷ್ಟು ಕಿ.ಮೀ., ಅದರಲ್ಲಿ ಹೈವೇ ಎಷ್ಟು, ನಿಂತು ನಿಂತು ಹೋಗುವ ಜಾಗ ಎಲ್ಲಿ, ಇಳಿಜಾರಿನಲ್ಲಿ ನಿಲ್ಲಬೇಕಾದ ಜಾಗ ಎಲ್ಲಿ.

ಕೊತ್ರೂಡ್‌ನಿಂದ ಹಿಂಜೆವಾಡಿಗೆ ಹೋಗುವವರ ದಾರಿ ನೋಡಿ. ಚಾಂದಣಿ ಚೌಕ್ ಹತ್ತುವ ತನಕ ಊರು, ಆಮೇಲೆ ಬಾವಧನ್, ಬಾಲೇವಾಡಿ ಮೇಲೆ ಬೈಪಾಸ್, ವಾಕಡ್ ಹತ್ತಿರ ಇಳಿದ ಮೇಲೆ ಮತ್ತೆ ಆಮೆನಡಿಗೆ. ನಡುವಿನ ಬೈಪಾಸ್‌ನಲ್ಲಿ ಲಾರಿಗಳ ಪಕ್ಕ ಗಂಟೆಗೆ 70ರಲ್ಲಿ ಹೋಗಬೇಕು. ಸೂಪರ್‌ಮೋಟೊ ಮೇಲೆ ನೆಟ್ಟಗೆ ಕೂರುವುದರಿಂದ ಗಾಳಿ ಎದೆಗೇ ಹೊಡೆಯುತ್ತದೆ, ಹಗುರ ಗಾಡಿ ಲಾರಿಯ ಗಾಳಿಗೆ ಸ್ವಲ್ಪ ಸರಿಯುತ್ತದೆ. ದಿನಾ ಅರ್ಧದಾರಿ ಹೀಗೇ ಇದ್ದರೆ ಇನ್ನೊಮ್ಮೆ ಯೋಚಿಸಿ. ಕಾತ್ರಜ್ ಸುರಂಗದಿಂದ ನವಲೆ ಸೇತುವೆ ಕಡೆಗೆ ಇಳಿಯುವ ಇಳಿಜಾರು ಇನ್ನೂ ಜೋಪಾನದ ಜಾಗ. ಭಾರಿ ವಾಹನಗಳು ಬ್ರೇಕ್ ಸಿಗದೆ ಬಂದು ಗುದ್ದಿದ ಅಪಘಾತಗಳು ಅಲ್ಲಿ ಪದೇ ಪದೇ ಆಗಿವೆ.

ಇದಕ್ಕೆ ವಿರುದ್ಧ, ಸದಾಶಿವ ಪೇಟೆ, ನಾನಾ ಪೇಟೆ, ಸ್ವಾರಗೇಟ್ ಸುತ್ತ ಓಡಾಡುವವರಿಗೆ ಈ ಗಾಡಿ ಹೇಳಿ ಮಾಡಿಸಿದ್ದು. ಗಲ್ಲಿಯಲ್ಲಿ ಬೇಗ ತಿರುಗುತ್ತದೆ. ಕಾರುಗಳ ತಲೆ ಮೇಲಿಂದ ಮುಂದಿನ ಸಿಗ್ನಲ್ ಕಾಣುತ್ತದೆ. ಲೆಕ್ಕವಿಲ್ಲದ ಸ್ಪೀಡ್ ಬ್ರೇಕರ್‌ಗಳಲ್ಲಿ ಬೆನ್ನು ಉಳಿಯುತ್ತದೆ.

ವಾರಾಂತ್ಯದ ದಾರಿಯನ್ನೂ ಬರೆಯಿರಿ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡುವುದಿಲ್ಲ, ಲೋಣಾವಳ-ಖಂಡಾಲಾ ಹಳೆಯ ಹೈವೇ ಹಿಡಿಯಬೇಕು. ಮುಂಬೈ ಒಳಗೂ ಸೀ ಲಿಂಕ್, ಕೋಸ್ಟಲ್ ರೋಡ್, ಅಟಲ್ ಸೇತು ಮೇಲೆ ಬೈಕ್‌ಗೆ ಪ್ರವೇಶ ಇಲ್ಲ. ಊರಿಗೆ ಅಂದರೆ ಸಾತಾರಾ, ಕೊಲ್ಹಾಪುರ ದಾಟಿ ಬೆಳಗಾವಿಗೆ 340 ಕಿ.ಮೀ. ಸುಮಾರು. 390 ಎಸ್‌ಎಂಸಿ ಆರ್ ಟ್ಯಾಂಕು 9 ಲೀಟರ್. ಲೀಟರಿಗೆ 25 ಕಿ.ಮೀ. ಅಂತ ಹಿಡಿದರೂ 225ಕ್ಕೆ ಖಾಲಿ. ಪೆಟ್ರೋಲ್ ದಾರಿಯಲ್ಲಿ ಸಿಗುತ್ತದೆ, ಅದು ತೊಂದರೆ ಅಲ್ಲ. ಆ ಕಿರಿದಾದ, ಗಟ್ಟಿ ಸೀಟಿನ ಮೇಲೆ ಎರಡು ಗಂಟೆ ಕೂರುವುದೇ ತೊಂದರೆ. ತಿಂಗಳಿಗೊಮ್ಮೆ ಊರಿಗೆ ಬೈಕಲ್ಲೇ ಹೋಗುವವರು ಸೂಪರ್‌ಮೋಟೊ ಬಿಟ್ಟು ಬೇರೆ ನೋಡುವುದು ಒಳ್ಳೆಯದು ಅಂತ ನೇರವಾಗಿಯೇ ಹೇಳುತ್ತೇನೆ.

ಹಂತ 3: ನಿಮಗೆ ಬೇಕಾದ ಬಗೆ ಯಾವುದು ತೀರ್ಮಾನಿಸಿ

ಒಂದೇ ಹೆಸರಿನಲ್ಲಿ ಜನ ಮೂರು ಬಗೆಯ ಗಾಡಿ ಮಾರುತ್ತಾರೆ. ಯಾವುದು ಯಾವುದೆಂದು ತಿಳಿಯದೆ ಬೆಲೆ ಹೋಲಿಸಬೇಡಿ.

ಮೊದಲನೆಯದು ಕಂಪನಿಯಿಂದಲೇ ಸೂಪರ್‌ಮೋಟೊ ಆಗಿ ಬಂದದ್ದು. 390 ಎಸ್‌ಎಂಸಿ ಆರ್ ಈ ಗುಂಪಿನ ಸಣ್ಣದು, 398.63 ಸಿಸಿ. ಹೈಪರ್‌ಮೊಟಾರ್ಡ್ 698 ಮೋನೊ ದೊಡ್ಡದು, 659 ಸಿಸಿಯ ಒಂದೇ ಸಿಲಿಂಡರ್, 77.5 ಅಶ್ವಶಕ್ತಿ. ಇವುಗಳಲ್ಲಿ ಫೋರ್ಕು (ಮುಂದಿನ ಚಕ್ರ ಹಿಡಿದಿರುವ ಎರಡು ಕೊಳವೆ), ಬ್ರೇಕು, ಎಬಿಎಸ್ ಎಲ್ಲ 17 ಇಂಚಿನ ಚಕ್ರಕ್ಕೇ ಲೆಕ್ಕ ಹಾಕಿ ಮಾಡಿರುತ್ತಾರೆ. ದುಡ್ಡು ಇದ್ದು, ಕಾಲು ಸಿಕ್ಕರೆ ಇದೇ ಸರಿ.

ಎರಡನೆಯದು ರಸ್ತೆ ಬೈಕ್, ಆದರೆ ಗುಣ ಹತ್ತಿರದ್ದು. ಕೆಟಿಎಂ 390 ಡ್ಯೂಕ್, 250 ಡ್ಯೂಕ್, ಹಸ್ಕ್‌ವರ್ಣ ಸ್ವಾರ್ಟ್‌ಪಿಲೆನ್ 401 ಇಂಥವು. 17 ಇಂಚಿನ ಚಕ್ರ, ಅಗಲ ಹ್ಯಾಂಡಲ್, ಚುರುಕು ಎಂಜಿನ್. ಸೀಟು 820ರ ಆಸುಪಾಸು. ಸಸ್ಪೆನ್ಷನ್ 150 ಮಿ.ಮೀ. ಹತ್ತಿರ, ಅಂದರೆ ಗುಂಡಿಯಲ್ಲಿ ಸೂಪರ್‌ಮೋಟೊ ಸುಖ ಇಲ್ಲ. ಬಜೆಟ್ ಕಡಿಮೆ ಇರುವವರಿಗೆ ಹಳೆಯ ಹೀರೊ ಎಕ್ಸ್‌ಪಲ್ಸ್ 200ಟಿ ಹುಡುಕಲು ಹೇಳುತ್ತೇನೆ. 17 ಇಂಚಿನ ಅಲಾಯ್, 799 ಮಿ.ಮೀ. ಸೀಟು, ಸರಳ ಎಂಜಿನ್. ನೋಡಲು ಸೂಪರ್‌ಮೋಟೊ ಅಲ್ಲ, ಕೆಲಸಕ್ಕೆ ಹತ್ತಿರ.

ಮೂರನೆಯದು ಡರ್ಟ್ ಬೈಕಿಗೆ ಗ್ಯಾರೇಜಿನಲ್ಲಿ 17 ಇಂಚಿನ ಚಕ್ರ ಹಾಕಿಸಿದ್ದು. ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿಯೇ. ಹಾಗಾಗಿ ಲೆಕ್ಕ ಬಿಡಿಸಿ ತೋರಿಸುತ್ತೇನೆ.

ಎಕ್ಸ್‌ಪಲ್ಸ್‌ಗೆ ಕಂಪನಿ ಕೊಡುವುದು ಮುಂದೆ 90/90-21, ಹಿಂದೆ 120/80-18. ಇದರಲ್ಲಿ ಮೊದಲ ಅಂಕಿ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಟೈರಿನ ಎತ್ತರ ಅನ್ನುವುದು, ಕೊನೆಯದು ರಿಮ್ಮಿನ ವ್ಯಾಸ ಇಂಚಿನಲ್ಲಿ. ಟೈರಿನ ಒಟ್ಟು ವ್ಯಾಸ ತೆಗೆದರೆ ಮುಂದೆ ಸುಮಾರು 695 ಮಿ.ಮೀ., ಹಿಂದೆ 649. ಈಗ ಮುಂದೆ 110/70-17, ಹಿಂದೆ 140/70-17 ಹಾಕಿಸಿದಿರಿ ಅನ್ನಿ. ಮುಂದೆ 586, ಹಿಂದೆ 628. ಅಂದರೆ ಗಾಡಿಯ ಮೂತಿ 55 ಮಿ.ಮೀ. ಇಳಿಯಿತು, ಹಿಂಭಾಗ 10 ಮಿ.ಮೀ. ಮಾತ್ರ ಇಳಿಯಿತು. ಫೋರ್ಕು ನೆಟ್ಟಗಾಗಿ ಸ್ಟೀರಿಂಗ್ ಅತಿ ಚುರುಕಾಗುತ್ತದೆ. ಗಲ್ಲಿಯಲ್ಲಿ ಮಜಾ ಅನಿಸುತ್ತದೆ, ಬೈಪಾಸ್‌ನಲ್ಲಿ ಹ್ಯಾಂಡಲ್ ನಡುಗಲು ಶುರುವಾಗುತ್ತದೆ.

ಇನ್ನೊಂದು ವಿಷಯ ಹೊರಗಿನಿಂದ ಕಾಣುವುದಿಲ್ಲ. ಎಬಿಎಸ್ ಕೆಲಸ ಮಾಡುವುದೇ ಚಕ್ರ ಎಷ್ಟು ಬೇಗ ತಿರುಗುತ್ತಿದೆ ಎಂದು ಅಳೆದು. ಮೊದಲು ಮುಂದಿನ ಚಕ್ರ ಹಿಂದಿನದಕ್ಕಿಂತ ದೊಡ್ಡದಿತ್ತು, ನಿಧಾನ ತಿರುಗುತ್ತಿತ್ತು. ಈಗ ಅದೇ ಚಿಕ್ಕದು, ಬೇಗ ತಿರುಗುತ್ತದೆ. ಲೆಕ್ಕ ತಲೆಕೆಳಗು. ಕಂಪ್ಯೂಟರ್ ಗೊಂದಲವಾಗಿ ಲೈಟ್ ಹತ್ತಿಸುತ್ತದೆ, ಇಲ್ಲವೇ ಬೇಡದ ಹೊತ್ತಿಗೆ ಬ್ರೇಕ್ ಬಿಡುತ್ತದೆ. ಸ್ಪೀಡ್ ಅಳೆಯುವ ಸೆನ್ಸರ್ ಮುಂದಿನ ಚಕ್ರದಲ್ಲಿದ್ದರೆ ನಿಜವಾದ ವೇಗ 50 ಇದ್ದಾಗ ಮೀಟರ್ 59 ತೋರಿಸುತ್ತದೆ. ಕಿಲೋಮೀಟರ್ ಲೆಕ್ಕವೂ ಹಾಗೇ ಓಡುತ್ತದೆ.

ಕಾನೂನು ಕೂಡ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ತಿದ್ದುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದು ತಿದ್ದಿದ ಭಾಗಗಳನ್ನು. ದಿನಾ ಆಫೀಸಿಗೆ ಹೋಗುವ ಗಾಡಿಯನ್ನು ಹೀಗೆ ಮಾಡಿಸಬೇಡಿ.

ಎಚ್ಚರಿಕೆಯ ಗುರುತು: "ಬಿಲ್ ಇದೆ, ನಂಬರ್ ಪ್ಲೇಟ್ ಆಮೇಲೆ ಮಾಡಿಸಿದರಾಯ್ತು" ಅನ್ನುವ ಗಾಡಿ. ಕವಾಸಾಕಿ ಕೆಎಲ್‌ಎಕ್ಸ್ 230ಕ್ಕೆ ನೋಂದಣಿ ಆಗುತ್ತದೆ. ಹೆಸರಲ್ಲಿ ಹತ್ತಿರ ಇರುವ ಕೆಎಲ್‌ಎಕ್ಸ್ 230ಆರ್ ಎಸ್ ಮಣ್ಣಿನ ಟ್ರ್ಯಾಕ್‌ಗೆ ಮಾತ್ರ, ಅದಕ್ಕೆ ರಸ್ತೆ ನೋಂದಣಿ ಇಲ್ಲ. ಸ್ಪರ್ಧೆಗೆಂದೇ ಮಾಡಿದ 250, 450 ಸಿಸಿ ಮೋಟೊಕ್ರಾಸ್ ಬೈಕ್‌ಗಳ ಕಥೆಯೂ ಅಷ್ಟೇ. ಆರ್‌ಸಿ ಕೈಯಲ್ಲಿ ನೋಡದೆ ಮುಂಗಡ ಕೊಡಬೇಡಿ.

ಹಂತ 4: ಎಂಜಿನ್ ಆರಿಸಿ

ಇದಕ್ಕೆ ಜಾಸ್ತಿ ಹೊತ್ತು ಬೇಡ. ಊರೊಳಗೆ ಎರಡನೇ ಗೇರಿನಲ್ಲಿ 20 ಕಿ.ಮೀ. ವೇಗದಲ್ಲಿ ಕುಲುಕದೆ ಹೋಗುವ ಎಂಜಿನ್ ಬೇಕು, ಅಷ್ಟೇ. 200ರಿಂದ 250 ಸಿಸಿ ಸಾಕಾಗುತ್ತದೆ. 390ರ ಬಗೆಯವು ಮೇಲಿನ ಆರ್‌ಪಿಎಮ್‌ನಲ್ಲಿ ಜೀವ ತಳೆಯುವಂಥವು. ಕೆಳಗೆ ಕ್ಲಚ್ ಹಿಡಿದು ಹಿಡಿದು ಓಡಿಸಬೇಕಾಗುತ್ತದೆ, ಬೇಸಿಗೆ ಮಧ್ಯಾಹ್ನ ಫ್ಯಾನ್ ಓಡಿ ಬಿಸಿಗಾಳಿ ಕಾಲಿಗೆ ಬರುತ್ತದೆ. ಬೈಪಾಸ್ ಜಾಸ್ತಿ ಇರುವವರಿಗೆ ಮಾತ್ರ 390ರ ಶಕ್ತಿ ಉಪಯೋಗಕ್ಕೆ ಬರುತ್ತದೆ.

ಹಂತ 5: ಶೋರೂಮ್‌ನಲ್ಲಿ ಕೂತು ನೋಡಿ

ದಿನಾ ಹಾಕುವ ಬೂಟು ಹಾಕಿಕೊಂಡು, ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೆ ಏರಿಸಿ ಹೋಗಿ. ಚಪ್ಪಲಿಯಲ್ಲಿ ಹೋಗಿ ಕೂತರೆ ಬರುವ ಉತ್ತರ ಸುಳ್ಳು.

ಸೈಡ್ ಸ್ಟ್ಯಾಂಡ್ ಮೇಲಿದ್ದಾಗಲೇ ಹತ್ತಿ. ಕಾಲು ಸೀಟಿನ ಮೇಲಿಂದ ಸಲೀಸಾಗಿ ದಾಟಬೇಕು. ಹಿಂದಿನ ಸೀಟಿನಲ್ಲಿ ಬ್ಯಾಗು ಕಟ್ಟಿದಾಗ ದಾಟಲು ಆಗುತ್ತದಾ ಅಂತ ಈಗಲೇ ಕಲ್ಪಿಸಿ ನೋಡಿ. ಕೂತ ಮೇಲೆ ಸ್ಟ್ಯಾಂಡ್ ತೆಗೆದು ಬಲಗಾಲನ್ನು ಹಿಂದಿನ ಬ್ರೇಕಿನ ಮೇಲಿಟ್ಟು ಎಡಗಾಲೊಂದೇ ನೆಲಕ್ಕೆ ಕೊಡಿ. ಇಳಿಜಾರಿನ ಸಿಗ್ನಲ್‌ನಲ್ಲಿ ನಿಲ್ಲುವುದು ಹೀಗೆಯೇ. ಎಡ ಪಾದ ಪೂರ್ತಿ ಊರಬೇಕು, ಗಾಡಿಯ ಭಾರ ತೊಡೆಯ ಮೇಲೆ ಬೀಳಬಾರದು.

ಆಮೇಲೆ ಕೂತಲ್ಲೇ ಗಾಡಿಯನ್ನು ಹಿಂದಕ್ಕೆ ನಾಲ್ಕು ಹೆಜ್ಜೆ ತಳ್ಳಿ. ಮುಂದೆ ಹೋಗಲು ಎಂಜಿನ್ ಇದೆ, ಹಿಂದೆ ಬರಲು ಕಾಲೊಂದೇ. ಬೆರಳ ತುದಿಯಲ್ಲಿ ತಳ್ಳಲು ಆಗದಿದ್ದರೆ ಪಾರ್ಕಿಂಗ್‌ನಲ್ಲಿ ದಿನಾ ಇಳಿದು ತಳ್ಳಬೇಕಾಗುತ್ತದೆ.

ಹ್ಯಾಂಡಲ್‌ನ ಅಗಲವನ್ನು ಟೇಪಿನಲ್ಲಿ ಅಳೆಯಿರಿ, ಒಂದು ತುದಿಯಿಂದ ಇನ್ನೊಂದು ತುದಿಗೆ. ಅದೇ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನೂ ಬರೆದುಕೊಳ್ಳಿ. ಎತ್ತರದ ಬೈಕಿನ ಹ್ಯಾಂಡಲ್ ಸಣ್ಣ ಕಾರುಗಳ ಕನ್ನಡಿಯ ಮೇಲಿಂದ ಹಾದುಹೋಗುತ್ತದೆ. ಎಸ್‌ಯುವಿಗಳ ಕನ್ನಡಿಗೆ ಮಾತ್ರ ಸರಿಯಾಗಿ ಸಮ ಬರುತ್ತದೆ. ಕರ್ವೆ ರಸ್ತೆಯಲ್ಲಿ ಸಂಜೆ ಎರಡು ಎಸ್‌ಯುವಿ ನಡುವೆ ನುಗ್ಗಿದಾಗ ಹ್ಯಾಂಡಲ್ ತುದಿ ಕನ್ನಡಿಗೆ ತಾಗಿದರೆ ಮುಂದಿನ ಚಕ್ರ ಒಂದೇ ಏಟಿಗೆ ಆ ಕಡೆ ತಿರುಗುತ್ತದೆ, ಗಾಡಿ ಅಲ್ಲೇ ಮಲಗುತ್ತದೆ. ನಿಮ್ಮ ಪಾರ್ಕಿಂಗ್ ಜಾಗ, ಗೇಟಿನ ಸಂದು ಇವುಗಳ ಅಗಲವನ್ನೂ ಮನೆಯಲ್ಲಿ ಅಳೆದು ಹೋಲಿಸಿ.

ಈಗ ಹಿಂದೆ ಕೂರುವವರನ್ನು ಕೂರಿಸಿ. ಕೈ ಹಿಡಿಯಲು ಜಾಗ, ಕಾಲಿಡಲು ಫುಟ್‌ರೆಸ್ಟ್, ಹಿಂದಿನ ಚಕ್ರಕ್ಕೆ ಸೀರೆ-ದುಪಟ್ಟಾ ಸಿಗದ ಹಾಗೆ ಗಾರ್ಡ್ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಚಂದ ಕಾಣಲಿ ಅಂತ ಸೀರೆ ಗಾರ್ಡ್ ತೆಗೆಸಬೇಡಿ. ಅಮ್ಮನನ್ನೋ ಹೆಂಡತಿಯನ್ನೋ ಕೂರಿಸಿಕೊಂಡು ಹೋಗುವವರಿಗೆ ಇದು ಚಂದದ ಪ್ರಶ್ನೆ ಅಲ್ಲ. ಅವರಿಗೆ ಹತ್ತಿ ಇಳಿಯಲು ಕಷ್ಟವಾದರೆ ಎರಡನೇ ಬಗೆಯ ಬೈಕಿಗೆ ವಾಪಸ್ ಬನ್ನಿ.

ಹಂತ 6: ಟೆಸ್ಟ್ ರೈಡ್

ಶೋರೂಮ್‌ನವರು ಖಾಲಿ ರಸ್ತೆಯಲ್ಲಿ ಒಂದು ಸುತ್ತು ಕೊಡಿಸಿ ಕಳಿಸುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಸಂಜೆ ಟ್ರಾಫಿಕ್ ಹೊತ್ತಿಗೆ, ಇಲ್ಲವೇ ಬೇಸಿಗೆಯಾದರೆ ಮಧ್ಯಾಹ್ನ ಕೇಳಿ. ಕೊಡುವುದಿಲ್ಲ ಅಂದರೆ ಇನ್ನೊಂದು ಶೋರೂಮ್ ನೋಡಿ.

ಈ ಸಾಲಿನಲ್ಲಿ ಓಡಿಸಿ. ಮೊದಲು ಹತ್ತು ನಿಮಿಷ ನಿಂತು ನಿಂತು ಹೋಗುವ ಟ್ರಾಫಿಕ್. ಎಡಗೈ ಬೆರಳು ನೋಯಲು ಶುರುವಾದರೆ ಕ್ಲಚ್ ನಿಮಗೆ ಭಾರ. ಆಮೇಲೆ ಎರಡೂ ಕಡೆಗೆ ಯು-ಟರ್ನ್, ಹ್ಯಾಂಡಲ್ ಪೂರ್ತಿ ತಿರುಗಿಸಿ, ಕಾಲು ಕೆಳಗಿಡದೆ. ಆಮೇಲೆ ಸ್ಪೀಡ್ ಬ್ರೇಕರ್, ಒಮ್ಮೆ ನಿಧಾನಕ್ಕೆ, ಒಮ್ಮೆ ಸ್ವಲ್ಪ ಜೋರಾಗಿ. ಇಳಿದ ಮೇಲೆ ಗಾಡಿ ಒಂದೇ ಸಲ ಕುಣಿದು ನಿಲ್ಲಬೇಕು. ಮತ್ತೆ ಮತ್ತೆ ಕುಣಿದರೆ ಸಸ್ಪೆನ್ಷನ್ ನಿಮ್ಮ ತೂಕಕ್ಕೆ ಹೊಂದಿಸಿಲ್ಲ. ಕಂಪನಿಯವರು ಸಾಮಾನ್ಯವಾಗಿ 75–80 ಕೆ.ಜಿ. ಸವಾರನಿಗೆ ಹೊಂದಿಸಿರುತ್ತಾರೆ. ನೀವು 60 ಅಥವಾ 95 ಆದರೆ ಪ್ರಿಲೋಡ್ (ಸಸ್ಪೆನ್ಷನ್ ಸ್ಪ್ರಿಂಗ್ ಅನ್ನು ಮೊದಲೇ ಎಷ್ಟು ಒತ್ತಿಟ್ಟಿದೆ ಅನ್ನುವುದು) ಬದಲಿಸಿಕೊಡಲು ಹೇಳಿ ಇನ್ನೊಮ್ಮೆ ಓಡಿಸಿ.

ಕೊನೆಗೆ ಬ್ರೇಕ್. ಹಿಂದೆ ಮುಂದೆ ಯಾರೂ ಇಲ್ಲದ ಒಣ ರಸ್ತೆಯಲ್ಲಿ ಗಂಟೆಗೆ 40ರಿಂದ ಮುಂದಿನ ಬ್ರೇಕ್ ನಿಧಾನವಾಗಿ ಗಟ್ಟಿ ಮಾಡುತ್ತಾ ಹಿಡಿಯಿರಿ. ಉದ್ದ ಫೋರ್ಕ್ ಇರುವ ಗಾಡಿಯ ಮೂತಿ ತುಂಬಾ ಇಳಿಯುತ್ತದೆ, ಸ್ಕೂಟರ್‌ನಿಂದ ಬಂದವರಿಗೆ ಮೊದಲು ಹೆದರಿಕೆ ಆಗುತ್ತದೆ. ಅದು ಗಾಡಿಯ ಸ್ವಭಾವ, ದೋಷ ಅಲ್ಲ. ಇಳಿದ ಮೇಲೂ ಗಾಡಿ ನೇರವಾಗಿ ಹೋಗುತ್ತಿದೆಯಾ, ನಿಮ್ಮ ಮೈ ಟ್ಯಾಂಕಿಗೆ ಜಾರಿ ಬರುತ್ತದಾ ನೋಡಿ. ಕೆಲವು ಬೈಕ್‌ಗಳಲ್ಲಿ ಸೂಪರ್‌ಮೋಟೊ ಎಬಿಎಸ್ ಎಂಬ ಮೋಡ್ ಇರುತ್ತದೆ. ಅದರಲ್ಲಿ ಹಿಂದಿನ ಚಕ್ರಕ್ಕೆ ಎಬಿಎಸ್ ಇರುವುದಿಲ್ಲ, ಚಕ್ರ ಲಾಕ್ ಆಗಿ ಜಾರುತ್ತದೆ. ರೇಸ್ ಟ್ರ್ಯಾಕ್‌ಗೆ ಮಾಡಿದ್ದು ಅದು. ಊರಲ್ಲಿ ರೋಡ್ ಮೋಡ್‌ನಲ್ಲೇ ಇಡಿ, ಮಳೆಗಾಲದಲ್ಲಂತೂ ಬದಲಿಸಲೇಬೇಡಿ.

ಮಳೆಯ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ಮೇಲೆ ಕೊಕ್ಕಿನ ಹಾಗೆ ಚಾಚಿದ ಮಡ್‌ಗಾರ್ಡ್ ಇರುವ ಗಾಡಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರು ರೇಡಿಯೇಟರ್‌ಗೂ ಮುಖಕ್ಕೂ ಬರುತ್ತದೆ. ಚಕ್ರಕ್ಕೆ ಹತ್ತಿರ ಕೂರುವ ಚಿಕ್ಕ ಮಡ್‌ಗಾರ್ಡ್ ಸಿಗುತ್ತದಾ ಕೇಳಿ.

ಹಂತ 7: ಖರ್ಚನ್ನು ಒಂದೇ ಪುಟದಲ್ಲಿ ಬರೆಯಿರಿ

ಎಕ್ಸ್‌ಶೋರೂಮ್ ಬೆಲೆ ನೋಡಿ ತೀರ್ಮಾನಿಸಬೇಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳಿಗೆ ಜಿಎಸ್‌ಟಿ ಶೇ. 18, ಅದಕ್ಕಿಂತ ದೊಡ್ಡದಕ್ಕೆ ಶೇ. 40. 250ಕ್ಕೂ 390ಕ್ಕೂ ಬೆಲೆಯಲ್ಲಿ ದೊಡ್ಡ ಅಂತರ ಕಾಣುವುದಕ್ಕೆ ಇದೂ ಒಂದು ಕಾರಣ. ಅದರ ಮೇಲೆ ರಸ್ತೆ ತೆರಿಗೆ, 5 ವರ್ಷದ ಥರ್ಡ್ ಪಾರ್ಟಿ ವಿಮೆ. ಎಲ್ಲ ಸೇರಿದ ಆನ್‌ರೋಡ್ ಬೆಲೆಯನ್ನು ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ. ಬೇಡದ ಆಕ್ಸೆಸರಿ ಕಿಟ್ ಸೇರಿಸಿದ್ದರೆ ತೆಗೆಸಿ.

ಆಮೇಲೆ ಓಡಿಸುವ ಖರ್ಚು. ಕೌಂಟರಿನಲ್ಲಿ ನಾಲ್ಕು ಬೆಲೆ ಕೇಳಿ: ಹಿಂದಿನ ಟೈರು, ಚೈನ್ ಸ್ಪ್ರಾಕೆಟ್ ಸೆಟ್, ಮುಂದಿನ ಬ್ರೇಕ್ ಪ್ಯಾಡ್, ಕ್ಲಚ್ ಲಿವರ್. ಲಿವರ್ ಬೆಲೆ ಯಾಕೆ ಅಂದರೆ ಎತ್ತರದ ಗಾಡಿ ನಿಂತಲ್ಲೇ ಒಮ್ಮೆಯಾದರೂ ಬೀಳುತ್ತದೆ, ಮೊದಲು ಮುರಿಯುವುದು ಅದೇ. ಸ್ಟಾಕ್ ಇದೆಯಾ, ಇಲ್ಲದಿದ್ದರೆ ಬರಲು ಎಷ್ಟು ದಿನ ಅನ್ನುವುದನ್ನೂ ಕೇಳಿ. ತಿಂಗಳು ಕಾಯಬೇಕು ಅನ್ನುವ ಗಾಡಿ ದಿನದ ಓಡಾಟಕ್ಕೆ ಆಗುವುದಿಲ್ಲ.

ಚಕ್ರ ಟ್ಯೂಬ್‌ನದ್ದಾ, ಟ್ಯೂಬ್‌ಲೆಸ್ಸಾ ಅಂತ ತಪ್ಪದೆ ಕೇಳಿ. ಟ್ಯೂಬ್‌ಲೆಸ್ ಪಂಕ್ಚರ್ ರಸ್ತೆ ಬದಿಯಲ್ಲಿ ಹತ್ತು ನಿಮಿಷದ ಕೆಲಸ. ಸ್ಪೋಕ್ ಚಕ್ರದಲ್ಲಿ ಟ್ಯೂಬ್ ಇದ್ದರೆ ಚಕ್ರವನ್ನೇ ಬಿಚ್ಚಬೇಕು. ಇಂಥ ಗಾಡಿಗಳಿಗೆ ಸೆಂಟರ್ ಸ್ಟ್ಯಾಂಡ್ ಸಾಮಾನ್ಯವಾಗಿ ಇರುವುದಿಲ್ಲ. ಚೈನ್‌ಗೆ ಎಣ್ಣೆ ಹಾಕಲು ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಒಂದು ಪ್ಯಾಡಕ್ ಸ್ಟ್ಯಾಂಡ್ ಖರ್ಚನ್ನೂ ಸೇರಿಸಿ.

ಹಂತ 8: ಹಳೆಯ ಗಾಡಿಯಾದರೆ

ಸೂಪರ್‌ಮೋಟೊ ಅಂದರೆ ಒಂದೇ ಚಕ್ರದ ಮೇಲೆ ಎತ್ತಿ ಓಡಿಸುವವರ ಕೈಯಲ್ಲಿ ಇದ್ದಿರುವ ಸಾಧ್ಯತೆ ಜಾಸ್ತಿ. ಗುರುತುಗಳು ಗಾಡಿಯ ಮೇಲೇ ಇರುತ್ತವೆ. ಹಿಂದಿನ ಮಡ್‌ಗಾರ್ಡ್ ತುದಿ, ನಂಬರ್ ಪ್ಲೇಟ್ ಕೆಳ ಅಂಚು ಉಜ್ಜಿ ಸವೆದಿದೆಯಾ? ಮುಂದಿನ ಡಿಸ್ಕ್ ನೀಲಿ ಬಣ್ಣಕ್ಕೆ ತಿರುಗಿದೆಯಾ? ಲಿವರ್, ಫುಟ್‌ರೆಸ್ಟ್ ತುದಿ ಒಂದೇ ಕಡೆ ಕೆರೆದಿದೆಯಾ? ಹ್ಯಾಂಡಲ್ ಪೂರ್ತಿ ತಿರುಗಿಸಿ, ಅದು ತಾಗಿ ನಿಲ್ಲುವ ಫ್ರೇಮಿನ ಗುಬಟಿಯ ಮೇಲೆ ಟಾರ್ಚ್ ಬಿಡಿ. ಅಲ್ಲಿ ಬಣ್ಣ ಹೋಗಿ ಲೋಹ ಜಜ್ಜಿ ಹೋಗಿದ್ದರೆ ಗಾಡಿ ಜೋರಾಗಿ ಬಿದ್ದಿದೆ. ಹೊಸ ಪ್ಲಾಸ್ಟಿಕ್ ಹಾಕಿ ಉಳಿದದ್ದನ್ನೆಲ್ಲ ಮುಚ್ಚಬಹುದು, ಇದನ್ನು ಮುಚ್ಚುವವರು ಕಡಿಮೆ.

ಹೋಗುವ ಮೊದಲೇ "ಎಂಜಿನ್ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ. ಹೋದಾಗ ಎಂಜಿನ್ ಬಿಸಿಯಾಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಫೋರ್ಕಿನ ಮೇಲೆ ಬೆರಳು ಎಳೆಯಿರಿ, ಎಣ್ಣೆ ಅಂಟಿದರೆ ಸೀಲ್ ಹೋಗಿದೆ. ಹಿಂದಿನ ಚಕ್ರವನ್ನು ಪಕ್ಕಕ್ಕೆ ಅಲ್ಲಾಡಿಸಿ, ಟಕ್ ಅಂದರೆ ಬೇರಿಂಗ್ ಸವೆದಿದೆ. ಸ್ಪೋಕ್‌ಗಳಿಗೆ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ, ಸದ್ದು ಮಂದ ಬಂದದ್ದು ಸಡಿಲ.

ಕಾಗದಕ್ಕೆ ಬಂದರೆ, ಸರ್ಕಾರದ ಎಂಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿ ಹೆಸರು, ವಿಮೆ, ಸಾಲದ ನಮೂದು ನೋಡಿ. ಮಹಾರಾಷ್ಟ್ರದ ಚಲನ್ ಬಾಕಿ ಮಹಾಟ್ರಾಫಿಕ್ ಆಪ್‌ನಲ್ಲಿ ಕಾಣುತ್ತದೆ. ಹೆಸರು ಬದಲಾಯಿಸಲು ಫಾರ್ಮ್ 29 ಮತ್ತು 30. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕ್ ಹೆಸರಿದ್ದರೆ ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರ ಮಾರುವವರೇ ತರಲಿ.

ನಮ್ಮವರು ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಿಂದ ಕೆಎ ನಂಬರಿನ ಗಾಡಿ ತರುವುದು ತುಂಬಾ ಸಾಮಾನ್ಯ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟರೆ ಕಾಯ್ದೆಯ 47ನೇ ಕಲಂ ಪ್ರಕಾರ ಅಲ್ಲಿನ ನಂಬರ್ ಮಾಡಿಸಲೇಬೇಕು. ಊರಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ, ಇಲ್ಲಿ ಮತ್ತೆ ತೆರಿಗೆ, ಆಮೇಲೆ ಅಲ್ಲಿ ಕಟ್ಟಿದ್ದರಲ್ಲಿ ಉಳಿದ ಭಾಗಕ್ಕೆ ಅರ್ಜಿ. ಈ ಓಡಾಟದ ಖರ್ಚು ಸೇರಿಸಿದರೆ ಊರಲ್ಲಿ ಅಗ್ಗಕ್ಕೆ ಸಿಕ್ಕ ಗಾಡಿ ಅಗ್ಗ ಉಳಿಯುವುದಿಲ್ಲ. ಇಲ್ಲೇ ಎಂಎಚ್-12 (ಪುಣೆ) ಅಥವಾ ಎಂಎಚ್-14 (ಪಿಂಪ್ರಿ-ಚಿಂಚವಡ) ನಂಬರಿನ ಗಾಡಿ ನೋಡುವುದು ಸುಲಭ. ಹೊಸದು ಕೊಳ್ಳುವವರ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸು ಇದ್ದರೆ ರಾಜ್ಯ ಬದಲಾದರೂ ಬದಲಿಸಬೇಕಿಲ್ಲದ ಬಿಎಚ್ ಸರಣಿ ನಂಬರ್ ಕೇಳಬಹುದು. ಅದಕ್ಕೆ ಎಚ್‌ಆರ್‌ನಿಂದ ಫಾರ್ಮ್ 60 ಬೇಕು, ಗಾಡಿ ಬುಕ್ ಮಾಡುವ ಮೊದಲೇ ತೆಗೆದಿಡಿ.

ಹಂತ 9: ಡೆಲಿವರಿ ಮತ್ತು ಮೊದಲ ಸರ್ವಿಸ್

ಬೆಳಕಿರುವಾಗಲೇ ಡೆಲಿವರಿ ತೆಗೆದುಕೊಳ್ಳಿ. ಚಾಸಿಸ್ ನಂಬರ್, ಎಂಜಿನ್ ನಂಬರ್ ಬಿಲ್ ಜೊತೆ ಹೋಲಿಸಿ. ಟೈರಿನ ಪಕ್ಕ ಅಚ್ಚಾದ ನಾಲ್ಕು ಅಂಕಿ ನೋಡಿ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಸಸ್ಪೆನ್ಷನ್ ಪ್ರಿಲೋಡ್ ನಿಮ್ಮ ತೂಕಕ್ಕೆ ಅಲ್ಲೇ ಹೊಂದಿಸಿಕೊಳ್ಳಿ.

ಹೊಸ ಟೈರಿನ ಮೇಲ್ಪದರ ಜಾರುತ್ತದೆ, ಮೊದಲ ನೂರಿನ್ನೂರು ಕಿ.ಮೀ. ಜಾಸ್ತಿ ಬಾಗಿಸಬೇಡಿ. ಸ್ಪೋಕ್‌ಗಳು ಹೊಸದರಲ್ಲೇ ಸಡಿಲವಾಗುತ್ತವೆ. ಮೊದಲ ಸರ್ವಿಸ್‌ಗೆ ಬಿಟ್ಟಾಗ ಸ್ಪೋಕ್ ಬಿಗಿ, ಸ್ಟೀರಿಂಗ್ ಬೇರಿಂಗ್, ಚೈನ್ ಸಡಿಲ ಈ ಮೂರನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ. ಬಾಯಲ್ಲಿ ಹೇಳಿ ಬರಬೇಡಿ. ಗಾಡಿ ವಾಪಸ್ ಪಡೆಯುವಾಗ ಅದೇ ಕಾರ್ಡ್ ಹಿಡಿದು ಒಂದೊಂದಾಗಿ ತೋರಿಸಿ ಅನ್ನಿ, ಆಮೇಲೆ ಸಹಿ ಮಾಡಿ.